ಧಾರಾವಾಹಿಯ ಬ್ರೇಕ್ ಯಾರ ಕೈಯಲ್ಲಿದೆ?

ಸಂಜೆ ಏಳಾದರೆ ಮುಂಬೈನ ಎಷ್ಟೋ ಕನ್ನಡ ಮನೆಗಳಲ್ಲಿ ಟಿವಿ ರಿಮೋಟ್ ಹಿರಿಯರ ಕೈಗೆ ಹೋಗುತ್ತದೆ. ಡೊಂಬಿವಲಿಯಲ್ಲಿರಲಿ, ಮುಲುಂಡ್‌ನಲ್ಲಿರಲಿ, ಮಾಟುಂಗಾದ ಹಳೇ ಬಿಲ್ಡಿಂಗಿನಲ್ಲಿರಲಿ, ಹತ್ತು ಗಂಟೆವರೆಗೆ ಓಡುವುದು ಕನ್ನಡ ಧಾರಾವಾಹಿಗಳೇ. ಮಕ್ಕಳು ಆಫೀಸಿನಲ್ಲಿ ದಿನವಿಡೀ ಹಿಂದಿ, ಇಂಗ್ಲಿಷ್ ಮಾತಾಡಿ ಬರುತ್ತಾರೆ. ಮೊಮ್ಮಕ್ಕಳಿಗೆ ಮರಾಠಿ ಸಲೀಸು. ಮನೆಯೊಳಗೆ ತುಳುವೋ, ಕುಂದಾಪುರದ ಕನ್ನಡವೋ, ವಿಜಯಪುರದ ಕಡೆಯ ಮಾತೋ ಅಷ್ಟಿಷ್ಟು ಉಳಿದಿರುತ್ತದೆ. ಅದರಾಚೆ ದಿನಾ ಎರಡು ಮೂರು ಗಂಟೆ ಕನ್ನಡ ಕಿವಿಗೆ ಬೀಳುವುದು ಟಿವಿಯಿಂದಲೇ. ಹಾಗಾಗಿ ಆ ಹೊತ್ತಿನಲ್ಲಿ ಎಷ್ಟು ಜಾಹೀರಾತು ಬರುತ್ತದೆ, ಯಾವ ಕ್ಷಣಕ್ಕೆ ಬರುತ್ತದೆ ಅನ್ನುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಎಲ್ಲರೂ ಹೇಳುವ ದೂರು ಒಂದೇ: ಜಾಹೀರಾತು ಜಾಸ್ತಿ ಆಯ್ತು. ಆ ದೂರು ನಿಜ. ಆದರೆ ಅದು ಅರ್ಧ ಮಾತು. ನೋಡುವವರನ್ನು ಹೆಚ್ಚು ದಣಿಸುವುದು ಬ್ರೇಕ್ ಬಂದು ಬೀಳುವ ಹೊತ್ತು, ಮತ್ತು ಅದು ಯಾವಾಗ ಮುಗಿಯುತ್ತದೆ ಅಂತ ಗೊತ್ತಾಗದೆ ಕಾಯಬೇಕಾದ ಪಾಡು. ನಮ್ಮ ಕಾನೂನು ಗಂಟೆಗೆ ಎಷ್ಟು ನಿಮಿಷ ಅಂತ ಮಾತ್ರ ಕೇಳುತ್ತದೆ. ಯಾವಾಗ ಅಂತ ಕೇಳುವುದಿಲ್ಲ. ಒಮ್ಮೆ ಕೇಳಲು ಹೊರಟಿತ್ತು. ವರ್ಷ ತುಂಬುವ ಮೊದಲೇ ಕೈಬಿಟ್ಟಿತು. ಆ ನಿಯಮ ವಾಪಸ್ ಬರಬೇಕು ಅನ್ನುವುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ನಿಯಮಗಳು 1994ರವು. 2006ರಲ್ಲಿ ಅದಕ್ಕೆ ಒಂದು ಮಿತಿ ಸೇರಿಸಿದರು. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ. ಅದರಲ್ಲಿ 10 ನಿಮಿಷ ಸೋಪು, ಟೂತ್‌ಪೇಸ್ಟ್, ಚಿನ್ನದಂಗಡಿಯಂಥ ವ್ಯಾಪಾರದ್ದು. ಉಳಿದ 2 ನಿಮಿಷ ಚಾನೆಲ್ ತನ್ನದೇ ಕಾರ್ಯಕ್ರಮಗಳಿಗೆ ಹಾಕಿಕೊಳ್ಳುವ ಪ್ರೋಮೊ. ಅಂದರೆ ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತಿಗೆ 6 ನಿಮಿಷ, ಕಥೆಗೆ 24 ನಿಮಿಷ.

ಈಗ ಅದೇ ಧಾರಾವಾಹಿಯ ಸಂಚಿಕೆಯನ್ನು ಮೊಬೈಲ್ ಆ್ಯಪ್‌ನಲ್ಲಿ ತೆರೆದು ನೋಡಿ. ಒಟ್ಟು ಅವಧಿ ಬರೆದಿರುತ್ತದೆ. ಸಾಮಾನ್ಯವಾಗಿ 20ರಿಂದ 22 ನಿಮಿಷ. ಶೀರ್ಷಿಕೆ ಗೀತೆ, ಹಿಂದಿನ ದಿನದ ರೀಕ್ಯಾಪ್, ಕೊನೆಗೆ ಬರುವ ನಾಳಿನ ಸಂಚಿಕೆಯ ತುಣುಕು ಎಲ್ಲ ಸೇರಿ ಅಷ್ಟು. 22 ಅಂತಲೇ ಹಿಡಿಯೋಣ. ಟಿವಿಯಲ್ಲಿ ಆ ಸಂಚಿಕೆ ಅರ್ಧ ಗಂಟೆ ತುಂಬಿಸುತ್ತದೆ. ಮಿಕ್ಕಿದ್ದು 8 ನಿಮಿಷ. ಗಂಟೆಯ ಲೆಕ್ಕಕ್ಕೆ ತಂದರೆ 16 ನಿಮಿಷ. ಸಂಚಿಕೆ 20 ನಿಮಿಷದ್ದಾದರೆ ಗಂಟೆಗೆ 20 ನಿಮಿಷ. ಇದಕ್ಕೆ ಯಾವ ಸಮೀಕ್ಷೆಯೂ ಬೇಡ. ಯಾರು ಬೇಕಾದರೂ ಮನೆಯಲ್ಲೇ ಕೂತು ತಾಳೆ ನೋಡಬಹುದು.

ಭಾನುವಾರದ ಸಿನಿಮಾಕ್ಕೂ ಇದೇ ಲೆಕ್ಕ ಹಾಕಬಹುದು. ಎರಡೂವರೆ ಗಂಟೆಯ ಸಿನಿಮಾ ಅಂದರೆ 150 ನಿಮಿಷ. ಗಂಟೆಗೆ 12 ನಿಮಿಷದ ಮಿತಿಯೊಳಗೆ ಹಾಕಿದರೆ ಅದು ಸುಮಾರು 3 ಗಂಟೆ 8 ನಿಮಿಷಕ್ಕೆ ಮುಗಿಯಬೇಕು. ಅದೇ ಸಿನಿಮಾವನ್ನು 4 ಗಂಟೆಗೆ ಎಳೆದರೆ ಸಿನಿಮಾ ಅಲ್ಲದ್ದು 90 ನಿಮಿಷ. ಗಂಟೆಗೆ 22 ನಿಮಿಷ ದಾಟಿತು. ಮಧ್ಯಾಹ್ನ ಊಟ ಮುಗಿಸಿ ಕೂತವರು ಸಂಜೆ ಕಾಫಿಗೂ ಅದೇ ಸಿನಿಮಾ ನೋಡುತ್ತಿರುತ್ತಾರೆ.

ಬ್ರೇಕ್ ಹುಟ್ಟುವ ಜಾಗ

ಎಂಟು ಗಂಟೆಯ ಒಂದು ಧಾರಾವಾಹಿಯನ್ನು ಹತ್ತಿರದಿಂದ ನೋಡೋಣ. ಏಳೂವರೆಯದ್ದು ಸರಿಯಾಗಿ ಎಂಟಕ್ಕೇ ಮುಗಿಯಬೇಕು ಅಂತಿಲ್ಲ. ಒಂದು ನಿಮಿಷ ಆಚೆಗೋ ಈಚೆಗೋ ಮುಗಿಯುತ್ತದೆ. ಮುಗಿದ ತಕ್ಷಣ ಮುಂದಿನದ್ದು ಶುರು. ಎಷ್ಟೋ ಸಲ ನಡುವೆ ಒಂದು ಜಾಹೀರಾತೂ ಇರುವುದಿಲ್ಲ. ಕಾರಣ ಸುಲಭ. ಗಂಟೆ, ಅರ್ಧ ಗಂಟೆ ಹೊಡೆಯುವ ಹೊತ್ತಿಗೇ ಕೈ ರಿಮೋಟ್ ಕಡೆ ಹೋಗುವುದು. ಒಂದು ಕಥೆ ಮುಗಿಯಿತು, ಬೇರೆ ಕಡೆ ಏನಿದೆ ನೋಡೋಣ ಅನ್ನಿಸುವ ಹೊತ್ತು ಅದು. ಅಲ್ಲಿ ಬ್ರೇಕ್ ಹಾಕಿದರೆ ಜನ ಹೊರಟುಬಿಡುತ್ತಾರೆ. ಎರಡು ನಿಮಿಷ ಹೆಚ್ಚು ಹಿಡಿದಿಟ್ಟರೆ ಪಕ್ಕದ ಚಾನೆಲ್‌ನ ಎಂಟು ಗಂಟೆಯ ಧಾರಾವಾಹಿಯಲ್ಲಿ ಮೊದಲ ದೃಶ್ಯ ಕಳೆದಿರುತ್ತದೆ. ಆಮೇಲೆ ಅತ್ತ ಹೋಗಿ ಏನು ಪ್ರಯೋಜನ ಅಂತ ಇಲ್ಲೇ ಉಳಿಯುತ್ತಾರೆ.

ಇನ್ನು ಮೊದಲ ತುಂಡು. ಅದು ಉದ್ದಕ್ಕೇ ಇರುತ್ತದೆ. ನಿನ್ನೆ ಬಾಗಿಲಲ್ಲಿ ನಿಂತಿದ್ದ ಸೊಸೆ ಇವತ್ತು ಒಳಗೆ ಬರುತ್ತಾಳೆ. ಮಾತಿಗೆ ಮಾತು ಬೆಳೆಯುತ್ತದೆ. ಯಾರೋ ಒಂದು ಲಕೋಟೆ ತೆಗೆಯುತ್ತಾರೆ. ಅತ್ತೆಯ ಮುಖ, ಮಾವನ ಮುಖ, ನಾದಿನಿಯ ಮುಖ, ಮತ್ತೆ ಅತ್ತೆಯ ಮುಖ. ಲಕೋಟೆಯೊಳಗೆ ಏನಿದೆ ಅಂತ ತೋರಿಸುವ ಮೊದಲೇ ಬ್ರೇಕ್. ಧಾರಾವಾಹಿ ಮಾಡುವವರು ಇದಕ್ಕೆ ಹುಕ್ ಅನ್ನುತ್ತಾರೆ. ಸಂಚಿಕೆ ಇಷ್ಟು ಸೆಗ್ಮೆಂಟ್, ಪ್ರತಿ ಸೆಗ್ಮೆಂಟಿನ ಕೊನೆಗೆ ಒಂದು ಹುಕ್ ಅಂತ ಬರೆಯುವವರಿಗೂ ಎಡಿಟರ್‌ಗೂ ಮೊದಲೇ ಗೊತ್ತಿರುತ್ತದೆ. ಕೊನೆಯ ಸೆಗ್ಮೆಂಟ್ ಎಲ್ಲಕ್ಕಿಂತ ಚಿಕ್ಕದು. ಉದ್ದನೆಯ ಬ್ರೇಕ್ ಕಾದು ಕೂತವರಿಗೆ ಸಿಗುವುದು ಎರಡು ನಿಮಿಷದ ಕಥೆ. ಆಮೇಲೆ ನಾಳೆಯ ತುಣುಕು.

ಕಥೆಗೆ ಇದರಿಂದ ಬೀಳುವ ಪೆಟ್ಟಿನ ಬಗ್ಗೆ ನಾವು ಸಾಕಷ್ಟು ಮಾತಾಡುವುದಿಲ್ಲ. ಆರು ನಿಮಿಷ ಜಾಹೀರಾತು ದಾಟಿಸಿ ಜನರನ್ನು ವಾಪಸ್ ತರಬೇಕು ಅಂದರೆ ಪ್ರತಿ ತುಂಡೂ ಒಂದು ಆಘಾತದಲ್ಲೇ ಮುಗಿಯಬೇಕು. ಮೆತ್ತಗೆ ಮಾತಾಡುವ ದೃಶ್ಯ, ಗಂಡ ಹೆಂಡತಿ ಸುಮ್ನೆ ಕೂತು ಚಹಾ ಕುಡಿಯುವ ದೃಶ್ಯ ಬ್ರೇಕ್ ಮೊದಲು ನಿಲ್ಲುವುದಿಲ್ಲ. ಹಾಗಾಗಿ ಅಂಥ ದೃಶ್ಯವನ್ನು ಬರೆಯುವುದೇ ಕಮ್ಮಿಯಾಗುತ್ತದೆ. ಧಾರಾವಾಹಿಯಲ್ಲಿ ಯಾಕೆ ಯಾವಾಗಲೂ ಜಗಳ, ಯಾಕೆ ಯಾವಾಗಲೂ ಗುಟ್ಟು ಅಂತ ಬೈಯುತ್ತೇವಲ್ಲ, ಅದಕ್ಕೆ ಉತ್ತರದ ಒಂದು ಪಾಲು ಬ್ರೇಕಿನ ಗಡಿಯಾರದಲ್ಲಿದೆ. ಬರೆಯುವವರಲ್ಲಿ ಪ್ರತಿಭೆಗೆ ಕೊರತೆ ಇಲ್ಲ. ಅವರಿಗೆ ಕೊಟ್ಟಿರುವ ಅಳತೆಯೇ ಹಾಗಿದೆ.

ಈ ಜೋಡಣೆಯ ಹಿಂದೆ ಇರುವುದು ರೇಟಿಂಗ್. ದೇಶದ ಟಿವಿ ರೇಟಿಂಗ್ ಕೊಡುವ ಬಾರ್ಕ್ ಸಂಸ್ಥೆಯ ಮುಖ್ಯ ಕಚೇರಿ ಮುಂಬೈಯಲ್ಲೇ ಇದೆ. 2015ರಿಂದ ಅದು ರೇಟಿಂಗ್ ಕೊಡುತ್ತಿದೆ. ಚಾನೆಲ್‌ನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ. ಅದಕ್ಕೆ ವಾಟರ್‌ಮಾರ್ಕ್ ಅನ್ನುತ್ತಾರೆ. ಆಯ್ದ ಮನೆಗಳಲ್ಲಿಟ್ಟ ಮೀಟರ್ ಆ ಗುರುತನ್ನು ಹಿಡಿದು, ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಅಂತ ಬರೆದುಕೊಳ್ಳುತ್ತದೆ. ಲೆಕ್ಕ ನಿಮಿಷ ನಿಮಿಷದ್ದು. ಬ್ರೇಕಿನ ಮೊದಲ ನಿಮಿಷಕ್ಕೆ ಎಷ್ಟು ಜನ ಉಳಿದರು, ನಾಲ್ಕನೇ ನಿಮಿಷಕ್ಕೆ ಎಷ್ಟು ಜನ ಕಳಚಿಕೊಂಡರು ಅನ್ನುವುದು ಅದರಿಂದ ಕಾಣುತ್ತದೆ.

ಜಾಹೀರಾತಿನ ವ್ಯಾಪಾರ ನಡೆಯುವುದು 10 ಸೆಕೆಂಡಿನ ರೇಟಿನಲ್ಲಿ. ಮಾರಾಟಕ್ಕಿರುವ ಹೊತ್ತಿಗೆ ಈ ಲೈನಿನವರು ಎಫ್‌ಸಿಟಿ ಅನ್ನುತ್ತಾರೆ. ಬ್ರೇಕಿನ ಮೊದಲ ಸ್ಪಾಟಿಗೂ ಕೊನೆಯ ಸ್ಪಾಟಿಗೂ ಬೇಡಿಕೆ ಜಾಸ್ತಿ. ಮೊದಲನೆಯದು ಬರುವಾಗ ಜನ ಇನ್ನೂ ಎದ್ದಿರುವುದಿಲ್ಲ. ಕೊನೆಯದು ಬರುವಾಗ ವಾಪಸ್ ಬಂದು ಕೂತಿರುತ್ತಾರೆ. ಏಜೆನ್ಸಿಯಿಂದ ಆರ್‌ಒ, ಅಂದರೆ ರಿಲೀಸ್ ಆರ್ಡರ್ ಬರುತ್ತದೆ. ಚಾನೆಲ್‌ನ ಟ್ರಾಫಿಕ್ ವಿಭಾಗದವರು ಯಾವ ಸ್ಪಾಟ್ ಯಾವ ಬ್ರೇಕಿಗೆ ಅಂತ ಜೋಡಿಸುತ್ತಾರೆ. ಒಂದೇ ಬ್ರೇಕಿನಲ್ಲಿ ಎರಡು ಎದುರಾಳಿ ಸೋಪು ಅಕ್ಕಪಕ್ಕ ಬರದ ಹಾಗೆ ನೋಡುತ್ತಾರೆ. ಪಟ್ಟಿ, ಪ್ರಸಾರ ನಡೆಸುವ ಪ್ಲೇಔಟ್‌ಗೆ ಹೋಗುತ್ತದೆ. ಒಂದು ಸ್ಪಾಟ್ ತಪ್ಪಿಹೋದರೆ ಬೇರೆ ದಿನ ಅದನ್ನು ತುಂಬಿಕೊಡಬೇಕು. ಹೀಗೆ ತುಂಬಿಕೊಡುವ ಸ್ಪಾಟುಗಳು, ಜೊತೆಗೆ ದೊಡ್ಡ ಗಿರಾಕಿಗಳಿಗೆ ಕೊಡುವ ಬೋನಸ್ ಸ್ಪಾಟುಗಳು ಎಲ್ಲೋ ಒಂದು ಕಡೆ ಜಾಗ ಹುಡುಕಿಕೊಳ್ಳಬೇಕಲ್ಲ. ಹಬ್ಬದ ತಿಂಗಳುಗಳಲ್ಲಿ ಬ್ರೇಕ್ ಉಬ್ಬುವುದಕ್ಕೆ ಇದೂ ಒಂದು ಕಾರಣ.

ಎಷ್ಟು ಹೊತ್ತು ಅಂತ ಹೇಳದಿರುವುದು

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವುದು ಇದು. ಒಂದು ಬ್ರೇಕ್ ಒಂದೇ ನಿಮಿಷಕ್ಕೆ ಮುಗಿಯುತ್ತದೆ. ಮುಂದಿನದ್ದು ಆರು ನಿಮಿಷ ಎಳೆಯುತ್ತದೆ. ನೋಡುವವರಿಗೆ ಮೊದಲೇ ತಿಳಿಯುವ ದಾರಿ ಇಲ್ಲ. ಬ್ರೇಕ್ ಅಂದರೆ ಮನೆಯಲ್ಲಿ ಕೆಲಸದ ಹೊತ್ತು. ಕುಕ್ಕರ್ ಇಳಿಸಬೇಕು, ಚಪಾತಿ ಬೇಯಿಸಬೇಕು, ಮಾತ್ರೆ ತಗೋಬೇಕು, ಬಾತ್‌ರೂಮಿಗೆ ಹೋಗಬೇಕು. 'ಅತ್ತೆ, ಬ್ರೇಕ್ ಮುಗಿದ್ರೆ ಕೂಗಿ' ಅಂತ ಸೊಸೆ ಅಡುಗೆಮನೆಯಿಂದ ಹೇಳುತ್ತಾಳೆ. 'ಈಗ ಬಂತು ಬಂತು, ಬಾ' ಅಂತ ಅತ್ತೆ ಕೂಗುತ್ತಾರೆ. ಬಂದದ್ದು ಇನ್ನೊಂದು ಪ್ರೋಮೊ. ಮೊಣಕಾಲು ನೋವಿರುವ ಎಪ್ಪತ್ತು ದಾಟಿದ ಅಜ್ಜಿ ಎದ್ದು ಹೋಗಿ ಬರುವಷ್ಟು ಹೊತ್ತು ಇದೆಯೋ ಇಲ್ಲವೋ ಅನ್ನುವ ಅನುಮಾನದಲ್ಲಿ ಕೂತೇ ಇರುತ್ತಾರೆ.

ಆ ಅನುಮಾನವೇ ಚಾನೆಲ್‌ಗೆ ಲಾಭ. ಹೊತ್ತು ಗೊತ್ತಾದರೆ ಜನ ಏಳುತ್ತಾರೆ. ಗೊತ್ತಿಲ್ಲದಿದ್ದರೆ ಕೂರುತ್ತಾರೆ. ಕೆಲವು ಸಲ ಚಾನೆಲ್‌ಗಳೇ ಪರದೆಯ ಮೂಲೆಯಲ್ಲಿ ಸೆಕೆಂಡು ಇಳಿಸುತ್ತಾ ಬರುತ್ತವೆ, ಇಷ್ಟು ಹೊತ್ತಿನಲ್ಲಿ ವಾಪಸ್ ಬರುತ್ತೇವೆ ಅಂತ. ಹಾಗೆ ತೋರಿಸುವುದು ಬ್ರೇಕ್ ಚಿಕ್ಕದಿದ್ದಾಗ. ಅಂದರೆ ತೋರಿಸುವ ತಾಂತ್ರಿಕ ವ್ಯವಸ್ಥೆ ಅವರ ಬಳಿ ಇದೆ. ಎಷ್ಟು ಹೊತ್ತಿನ ಬ್ರೇಕ್ ಅಂತ ಪ್ಲೇಔಟ್ ಪಟ್ಟಿಯಲ್ಲಿ ಸೆಕೆಂಡಿನವರೆಗೂ ಬರೆದಿರುತ್ತದೆ. ನೋಡುವವರಿಗೆ ಮಾತ್ರ ಹೇಳುವುದಿಲ್ಲ.

ಎರಡು ಮೂರು ಚಾನೆಲ್‌ಗಳು ಒಂದೇ ಹೊತ್ತಿಗೆ ಬ್ರೇಕಿಗೆ ಹೋಗುವುದೂ ಹೀಗೆಯೇ. ನೀವು ಚಾನೆಲ್ ಬದಲಿಸಿದರೆ ಅಲ್ಲೂ ಜಾಹೀರಾತು, ಇನ್ನೊಂದರಲ್ಲೂ ಜಾಹೀರಾತು. ಒಂದೇ ಕಂಪನಿಯ ಹಲವು ಚಾನೆಲ್‌ಗಳಲ್ಲಿ ಒಬ್ಬನೇ ಜಾಹೀರಾತುದಾರ ಒಂದೇ ಹೊತ್ತನ್ನು ಕೊಳ್ಳುವುದಕ್ಕೆ ರೋಡ್‌ಬ್ಲಾಕ್ ಅನ್ನುವ ಹೆಸರೇ ಇದೆ. ಬೇರೆ ಬೇರೆ ಕಂಪನಿಗಳ ಚಾನೆಲ್‌ಗಳು ಮಾತಾಡಿಕೊಂಡು ಹಾಗೆ ಮಾಡಬೇಕಾಗಿಯೂ ಇಲ್ಲ. ಎಲ್ಲರೂ ಒಂದೇ ರೇಟಿಂಗ್ ನೋಡಿ ಒಂದೇ ಅಳತೆಯಲ್ಲಿ ಸಂಚಿಕೆ ಕತ್ತರಿಸಿದರೆ ಬ್ರೇಕುಗಳು ತಾವಾಗಿಯೇ ಒಂದರ ಮೇಲೊಂದು ಬಂದು ಕೂರುತ್ತವೆ.

ಮುಂಬೈ ಕನ್ನಡಿಗರ ಸ್ಥಿತಿ ಇದರಲ್ಲಿ ಸ್ವಲ್ಪ ಬೇರೆ. ಧಾರಾವಾಹಿ ಚಿತ್ರೀಕರಣ ಬೆಂಗಳೂರಿನ ಸುತ್ತಮುತ್ತ ಆಗುತ್ತದೆ. ಆದರೆ ಅದರ ನಡುವಿನ ಬ್ರೇಕಿನ ದೊಡ್ಡ ಪಾಲು ಮಾರಾಟವಾಗುವುದು ಈ ಊರಿನಲ್ಲಿ. ಕನ್ನಡದ ದೊಡ್ಡ ಮನರಂಜನಾ ಚಾನೆಲ್‌ಗಳಲ್ಲಿ ಹಲವು ಮುಂಬೈ ಮೂಲದ ಕಂಪನಿಗಳವು. ಟಿವಿಯಲ್ಲಿ ಅತಿ ಹೆಚ್ಚು ಜಾಹೀರಾತು ಕೊಡುವ ಹಿಂದೂಸ್ತಾನ್ ಯೂನಿಲಿವರ್‌ನ ಮುಖ್ಯ ಕಚೇರಿ ಅಂಧೇರಿಯಲ್ಲಿದೆ. ಮೀಡಿಯಾ ಏಜೆನ್ಸಿಗಳ ದಂಡೇ ಇಲ್ಲಿದೆ. ಆದರೆ ಕನ್ನಡ ಚಾನೆಲ್‌ನ ಸ್ಪಾಟ್ ಕೊಳ್ಳುವವರು ಮುಖ್ಯವಾಗಿ ನೋಡುವುದು ಕರ್ನಾಟಕ ಮಾರುಕಟ್ಟೆಯ ರೇಟಿಂಗ್. ಉಪಗ್ರಹದಿಂದ ಬರುವ ಫೀಡ್ ಒಂದೇ ಆದ್ದರಿಂದ ಡೊಂಬಿವಲಿಯ ಅಜ್ಜಿಯೂ ಬೆಂಗಳೂರಿನ ಸೀರೆ ಅಂಗಡಿಯ ಆಷಾಢದ ರಿಯಾಯಿತಿ ನೋಡಬೇಕು. ಆ ಅಂಗಡಿಗೆ ಅವರು ಹೋಗುವುದಿಲ್ಲ ಅಂತ ಅಂಗಡಿಗೂ ಗೊತ್ತು. ಮುಂಬೈನ ಕನ್ನಡ ವೀಕ್ಷಕರು ಜಾಹೀರಾತು ಪೂರ್ತಿ ನೋಡುತ್ತಾರೆ, ಆದರೆ ಬ್ರೇಕ್ ಎಲ್ಲಿ ಹಾಕಬೇಕು ಅಂತ ತೀರ್ಮಾನಿಸುವಾಗ ಅವರು ಹೆಚ್ಚುಕಮ್ಮಿ ಲೆಕ್ಕಕ್ಕಿಲ್ಲ.

ದುಡ್ಡು ಮಾತ್ರ ಅವರು ಪೂರ್ತಿ ಕೊಡುತ್ತಾರೆ. 2019ರಲ್ಲಿ ದೂರಸಂಪರ್ಕ, ಪ್ರಸಾರ ನಿಯಂತ್ರಿಸುವ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ಪದ್ಧತಿ ಬಂದಾಗ ಬರೀ ಸಂಪರ್ಕಕ್ಕೇ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ ದಾಟಿತು. ಅದರ ಮೇಲೆ ಪೇ ಚಾನೆಲ್‌ಗಳಿಗೆ ಬೇರೆ ಬೆಲೆ. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ ಸಿಗುವ ಪ್ಯಾಕ್ ಹಿಂದಿ, ಮರಾಠಿಯದ್ದು. ಕನ್ನಡ ಬೇಕಾದರೆ ಮೇಲೆ ಸೇರಿಸಿಕೊಳ್ಳಬೇಕು. ಮಕ್ಕಳಿಗೆ ಹಿಂದಿ, ಹಿರಿಯರಿಗೆ ಕನ್ನಡ ಅಂತ ಎರಡಕ್ಕೂ ಕಟ್ಟುವ ಮನೆಗಳು ಇಲ್ಲಿ ಎಷ್ಟೋ ಇವೆ. ಹೀಗೆ ದುಡ್ಡು ಕೊಟ್ಟು ತರಿಸಿಕೊಂಡ ಚಾನೆಲ್‌ನಲ್ಲೂ, ಪುಕ್ಕಟೆ ಸಿಗುವ ಚಾನೆಲ್‌ನಲ್ಲೂ ಜಾಹೀರಾತಿನ ಮಿತಿ ಒಂದೇ, 12 ನಿಮಿಷ. ಇದು ನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

2012ರಲ್ಲಿ ಬಂದು 2013ರಲ್ಲಿ ಹೋದದ್ದು

ದೂರದರ್ಶನದಲ್ಲಿ ಮೊದಲ ಜಾಹೀರಾತು ಬಂದದ್ದು 1976ರ ಜನವರಿ 1ರಂದು. 1984ರಲ್ಲಿ ಪ್ರಾಯೋಜಿತ ಧಾರಾವಾಹಿಗಳ ಕಾಲ ಶುರುವಾಯಿತು. ಆಗ ಜಾಹೀರಾತುಗಳು ಹೆಚ್ಚಾಗಿ ಕಾರ್ಯಕ್ರಮದ ಆಚೆ ಈಚೆ ಇರುತ್ತಿದ್ದವು. ಕಥೆಯ ಹೊಟ್ಟೆ ಸೀಳಿ ನುಗ್ಗುವ ರೂಢಿ ಗಟ್ಟಿಯಾದದ್ದು ತೊಂಬತ್ತರ ದಶಕದಲ್ಲಿ ಖಾಸಗಿ ಚಾನೆಲ್‌ಗಳು ಬಂದ ಮೇಲೆ.

2012ರ ಮೇ ತಿಂಗಳಲ್ಲಿ ಟ್ರಾಯ್ ಒಂದು ನಿಯಮಾವಳಿ ತಂದಿತು. ಇದುವರೆಗೆ ಬಂದದ್ದರಲ್ಲಿ ನೋಡುವವರ ಕಡೆಯಿಂದ ಯೋಚಿಸಿದ ನಿಯಮ ಅಂದರೆ ಅದೇ ಅನ್ನುತ್ತೇನೆ. ಗಡಿಯಾರದ ಪ್ರತಿ ಗಂಟೆಗೆ 12 ನಿಮಿಷ ಅನ್ನುವುದು ಅದರಲ್ಲಿ ಇತ್ತು. ಅದಕ್ಕಿಂತ ಮುಖ್ಯವಾದದ್ದು ಬೇರೆ. ಒಂದು ಬ್ರೇಕ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಕನಿಷ್ಠ 15 ನಿಮಿಷ ಅಂತರ ಇರಬೇಕು. ಸಿನಿಮಾ ಆದರೆ 30 ನಿಮಿಷ. ನೇರಪ್ರಸಾರದ ಆಟದಲ್ಲಿ ಆಟ ನಿಂತಾಗ ಮಾತ್ರ ಜಾಹೀರಾತು. ಪರದೆಯ ಅಂಚಿನಲ್ಲಿ ನುಗ್ಗುವ ಪಟ್ಟಿ ಜಾಹೀರಾತು ಬೇಡ. ಜಾಹೀರಾತಿನ ಸದ್ದು ಕಾರ್ಯಕ್ರಮದ ಸದ್ದಿಗಿಂತ ಜಾಸ್ತಿ ಇರಬಾರದು.

15 ನಿಮಿಷದ ಆ ಒಂದು ಸಾಲು ಜಾರಿಯಾಗಿದ್ದರೆ ಏನಾಗುತ್ತಿತ್ತು ಯೋಚಿಸಿ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಬ್ರೇಕ್ ಒಂದು, ಹೆಚ್ಚೆಂದರೆ ಎರಡು. ಎರಡು ಬ್ರೇಕುಗಳ ನಡುವೆ ಎರಡು ನಿಮಿಷದ ತುಂಡಿಗೆ ಜಾಗವೇ ಇರುತ್ತಿರಲಿಲ್ಲ. ಬರೆಯುವವರಿಗೆ ಹದಿನೈದು ನಿಮಿಷದ ಒಂದು ಅಖಂಡ ಹೊತ್ತು ಸಿಗುತ್ತಿತ್ತು. ಅಜ್ಜಿಗೆ ಎದ್ದು ಹೋಗಿ ಬರಲು ಗೊತ್ತಾದ ಒಂದು ಹೊತ್ತು ಇರುತ್ತಿತ್ತು.

ಚಾನೆಲ್‌ಗಳು ಒಪ್ಪಲಿಲ್ಲ. 2013ರ ಮಾರ್ಚ್‌ನಲ್ಲಿ ಟ್ರಾಯ್ ತಿದ್ದುಪಡಿ ತಂದಿತು. ಅಂತರದ ನಿಯಮ, ಆಟದ ನಿಯಮ, ಪಟ್ಟಿಯ ನಿಯಮ, ಸದ್ದಿನ ನಿಯಮ ಎಲ್ಲ ಹೋದವು. 12 ನಿಮಿಷ ಮಾತ್ರ ಉಳಿಯಿತು. ಅದನ್ನಾದರೂ ಪಾಲಿಸಿ ಅಂತ ಹಂತ ಹಂತವಾಗಿ ಕಮ್ಮಿ ಮಾಡಲು ಅವಕಾಶ ಕೊಟ್ಟು 2013ರ ಅಕ್ಟೋಬರ್ 1ರ ಗಡುವು ಇಟ್ಟರು. ಅಷ್ಟರಲ್ಲಿ ಸುದ್ದಿ ಚಾನೆಲ್‌ಗಳ ಸಂಘ ಮತ್ತು ಇತರರು ಇಂಥ ವ್ಯಾಜ್ಯ ನೋಡುವ ನ್ಯಾಯಮಂಡಳಿಯಾದ ಟಿಡಿಸ್ಯಾಟ್‌ಗೆ, ಅಲ್ಲಿಂದ ದೆಹಲಿ ಹೈಕೋರ್ಟಿಗೆ ಹೋದರು. 2013ರ ಡಿಸೆಂಬರ್‌ನಲ್ಲಿ ಹೈಕೋರ್ಟ್, ಸದ್ಯಕ್ಕೆ ಇವರ ಮೇಲೆ ಬಲವಂತದ ಕ್ರಮ ಬೇಡ ಅಂದಿತು. ಆ ಸದ್ಯ ವರ್ಷಗಟ್ಟಲೆ ಎಳೆಯಿತು. ಆಗ ಒಂದನೇ ಕ್ಲಾಸಿನಲ್ಲಿದ್ದ ಮಗು ಅಷ್ಟರಲ್ಲಿ ಕಾಲೇಜು ಮೆಟ್ಟಿಲು ಹತ್ತಿದೆ.

ಚಾನೆಲ್‌ಗಳ ವಾದವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜಾಹೀರಾತಿನ ದುಡ್ಡಿಗೆ ಕತ್ತರಿ ಹಾಕಿದರೆ ನಮ್ಮ ದನಿಗೇ ಕತ್ತರಿ ಹಾಕಿದ ಹಾಗೆ ಅನ್ನುತ್ತಾರೆ. ಇದಕ್ಕೆ ಹಳೆಯ ಬಲ ಇದೆ, ಅದರ ಬೇರು ನಮ್ಮ ಈ ಸೀಮೆಯಲ್ಲೇ ಇದೆ. ಪತ್ರಿಕೆಗಳ ಪುಟ, ಬೆಲೆ, ಜಾಹೀರಾತಿನ ಜಾಗವನ್ನು ಸರ್ಕಾರ ಗೊತ್ತುಮಾಡಲು ಹೊರಟಾಗ ಪುಣೆಯ ಸಕಾಳ್ ಪತ್ರಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 1962ರ ತೀರ್ಪಿನಲ್ಲಿ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಜಾಹೀರಾತು ಕಮ್ಮಿಯಾದರೆ ಪತ್ರಿಕೆಯ ಬೆಲೆ ಏರುತ್ತದೆ, ಬೆಲೆ ಏರಿದರೆ ಓದುಗರು ಕಮ್ಮಿಯಾಗುತ್ತಾರೆ, ಅದು ವಾಕ್ ಸ್ವಾತಂತ್ರ್ಯಕ್ಕೆ ಪೆಟ್ಟು ಅನ್ನುವುದು ಅದರ ತಿರುಳು. 1995ರಲ್ಲಿ ಮುಂಬೈನ ಟಾಟಾ ಪ್ರೆಸ್ ಹಳದಿ ಪುಟಗಳ, ಅಂದರೆ ವ್ಯಾಪಾರಿಗಳ ಫೋನ್ ಪಟ್ಟಿಯ ಪ್ರಕರಣದಲ್ಲಿ, ಜಾಹೀರಾತಿಗೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಅಂತ ಕೋರ್ಟ್ ಹೇಳಿತು.

ಆದರೆ ಅದೇ 1995ರಲ್ಲಿ ಕ್ರಿಕೆಟ್ ಪ್ರಸಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತನ್ನೂ ಹೇಳಿತು. ಗಾಳಿಯಲ್ಲಿ ಸಾಗುವ ತರಂಗಗಳು ಸಾರ್ವಜನಿಕ ಆಸ್ತಿ. ಅದರ ಬಳಕೆ ಸಾರ್ವಜನಿಕರ ಹಿತಕ್ಕೆ ತಕ್ಕ ಹಾಗೆ ಇರಬೇಕು. ನನ್ನ ಮಟ್ಟಿಗೆ ಪತ್ರಿಕೆಯ ಹೋಲಿಕೆ ಟಿವಿಗೆ ಅರ್ಧ ದಾರಿವರೆಗೆ ಮಾತ್ರ ಬರುತ್ತದೆ. ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತಿದ್ದರೆ ಓದುಗರು ಪುಟ ಮಗುಚುತ್ತಾರೆ. ಅವರ ಹೊತ್ತು ಹೋಗುವುದಿಲ್ಲ. ಟಿವಿಯಲ್ಲಿ ಮಗುಚುವುದಕ್ಕೆ ಪುಟ ಇಲ್ಲ. ಅಲ್ಲದೆ 15 ನಿಮಿಷದ ಅಂತರ ಕೇಳಿದರೆ ಚಾನೆಲ್‌ನ ಒಟ್ಟು ಜಾಹೀರಾತು ಒಂದು ಸೆಕೆಂಡೂ ಕಮ್ಮಿಯಾಗಬೇಕಿಲ್ಲ. ಎಲ್ಲಿ ಹಾಕಬೇಕು ಅನ್ನುವುದಷ್ಟೇ ಬದಲಾಗುತ್ತದೆ. ಆದಾಯದ ವಾದ 12 ನಿಮಿಷದ ಮಿತಿಗೆ ತಾಗಬಹುದು. ಅಂತರದ ನಿಯಮಕ್ಕೆ ಅಷ್ಟಾಗಿ ತಾಗುವುದಿಲ್ಲ. ಹಾಗಿದ್ದೂ ಮೊದಲು ಕೈಬಿಟ್ಟದ್ದು ಅದನ್ನೇ.

ಗಡಿಯಾರದ ಗಂಟೆ ಅನ್ನುವ ಅಳತೆಯಲ್ಲೂ ಒಂದು ಕಿಂಡಿ ಇದೆ. ಎಂಟರಿಂದ ಒಂಬತ್ತರ ಗಂಟೆಯ 12 ನಿಮಿಷವನ್ನು ಕೊನೆಗೆ ಒತ್ತಿ, ಒಂಬತ್ತರಿಂದ ಹತ್ತರದ್ದನ್ನು ಆರಂಭಕ್ಕೆ ಎಳೆದರೆ ನಿಯಮ ಮುರಿಯದೆಯೇ 24 ನಿಮಿಷ ಒಟ್ಟಿಗೆ ಹಾಕಬಹುದು. ಯಾವ ಚಾನೆಲ್ಲೂ ಅಷ್ಟು ಮಾಡಲಿಕ್ಕಿಲ್ಲ, ಜನ ಓಡಿಹೋಗುತ್ತಾರೆ. ಆದರೆ ಬರೀ ಮೊತ್ತ ನೋಡುವ ನಿಯಮ ಎಷ್ಟು ಸಡಿಲ ಅನ್ನುವುದಕ್ಕೆ ಇಷ್ಟು ಸಾಕು.

ಬೇರೆ ದೇಶಗಳಲ್ಲಿ ಮೊತ್ತ, ಅಂತರ ಎರಡನ್ನೂ ನೋಡುತ್ತಾರೆ. ಬ್ರಿಟನ್ನಿನಲ್ಲಿ ಐಟಿವಿಯಂಥ ಚಾನೆಲ್‌ಗಳಿಗೆ ದಿನದ ಸರಾಸರಿ ಗಂಟೆಗೆ 7 ನಿಮಿಷ, ಸಂಜೆ 6ರಿಂದ ರಾತ್ರಿ 11ರವರೆಗೆ 8 ನಿಮಿಷ. ಕಾರ್ಯಕ್ರಮದ ಉದ್ದಕ್ಕೆ ತಕ್ಕಂತೆ ಎಷ್ಟು ಬ್ರೇಕ್ ಅನ್ನುವುದಕ್ಕೂ ಅಲ್ಲಿ ಮಿತಿ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಸಿನಿಮಾಕ್ಕೆ ಪ್ರತಿ 30 ನಿಮಿಷದ ಅವಧಿಗೆ ಒಂದೇ ಬ್ರೇಕ್. ಅಮೆರಿಕದಲ್ಲಿ ದೊಡ್ಡವರ ಕಾರ್ಯಕ್ರಮಕ್ಕೆ ಇಂಥ ಮಿತಿ ಇಲ್ಲ, ಆದರೆ ಸದ್ದಿಗೆ 2010ರ ಕಾನೂನಿದೆ. ನಮ್ಮ ನಿಯಮದಲ್ಲೂ ಜಾಹೀರಾತು ಅತಿಯಾಗಿ ಅಬ್ಬರಿಸಬಾರದು ಅಂತ ಒಂದು ಸಾಲಿದೆ. ಅತಿ ಅಂದರೆ ಎಷ್ಟು ಅಂತ ಇಲ್ಲ. ರಾತ್ರಿ ಹತ್ತಕ್ಕೆ ಚಾಳಿನ ತೆಳು ಗೋಡೆಯ ಆಚೆ ಮಗು ಮಲಗಿರುವಾಗ ಅದರ ಬೆಲೆ ಗೊತ್ತಾಗುತ್ತದೆ.

ಕ್ರಿಕೆಟ್ ಬಗ್ಗೆ ಒಂದು ಮಾತು. ಐಪಿಎಲ್‌ನಲ್ಲಿ ಇನಿಂಗ್ಸ್‌ಗೆ ಎರಡರಂತೆ ಎರಡೂವರೆ ನಿಮಿಷದ ಸ್ಟ್ರಾಟೆಜಿಕ್ ಟೈಮ್‌ಔಟ್ ಇದೆ. ಪಂದ್ಯಕ್ಕೆ ಒಟ್ಟು 10 ನಿಮಿಷ. ಅಲ್ಲಿ ಜಾಹೀರಾತಿಗಾಗಿ ಆಟದೊಳಗೇ ಬಿಡುವು ಮಾಡಿಟ್ಟಿದ್ದಾರೆ. ನನಗೆ ಅದಕ್ಕೆ ಅಷ್ಟೊಂದು ಆಕ್ಷೇಪ ಇಲ್ಲ, ಏಕೆಂದರೆ ಅದು ಹೇಳಿ ಮಾಡುವ ಬ್ರೇಕ್. ಎಷ್ಟು ಹೊತ್ತು ಅಂತ ಎಲ್ಲರಿಗೂ ಗೊತ್ತು. ಓವರಿನ ಕೊನೇ ಬಾಲ್ ಬೌಂಡರಿ ಗೆರೆಯ ಹತ್ತಿರ ಇರುವಾಗಲೇ ಕತ್ತರಿಸಿ ಜಾಹೀರಾತಿಗೆ ಹೋಗುತ್ತಾರಲ್ಲ, ಅದು ನೋಡುವವರಿಗೆ ಮಾಡುವ ಅವಮರ್ಯಾದೆ.

ಬ್ರೇಕ್ ಬೇಡವೇ ಬೇಡ ಅನ್ನುವವನಲ್ಲ ನಾನು. ಜಾಹೀರಾತಿನ ದುಡ್ಡಿನಿಂದಲೇ ಬೆಂಗಳೂರಿನಲ್ಲಿ ನೂರಾರು ಕಲಾವಿದರು, ಲೈಟ್‌ಬಾಯ್‌ಗಳು, ಎಡಿಟರ್‌ಗಳ ಮನೆ ನಡೆಯುತ್ತಿದೆ. ಕೇಳುವುದು ಇಷ್ಟೇ. 2012ರ 15 ನಿಮಿಷದ ಅಂತರ ವಾಪಸ್ ಬರಲಿ. ಪ್ರತಿ ಬ್ರೇಕಿನಲ್ಲೂ ಮೂಲೆಯಲ್ಲಿ ಸೆಕೆಂಡು ಇಳಿಯುವ ಗಡಿಯಾರ ಕಡ್ಡಾಯ ಆಗಲಿ, ಬ್ರೇಕ್ ಉದ್ದ ಇದ್ದಾಗಲೂ. ದುಡ್ಡು ಕೊಟ್ಟು ನೋಡುವ ಚಾನೆಲ್‌ನ ಮಿತಿ ಪುಕ್ಕಟೆ ಚಾನೆಲ್‌ಗಿಂತ ಕಮ್ಮಿ ಇರಲಿ. ಈಗ ಟಿವಿಯ ಚಾನೆಲ್ ಪಟ್ಟಿಯಲ್ಲಿ ಪ್ರತಿ ಚಾನೆಲ್‌ನ ಹೆಸರಿನ ಪಕ್ಕ ತಿಂಗಳ ಬೆಲೆ ತೋರಿಸುವುದು ಕಡ್ಡಾಯ. ಅದರ ಪಕ್ಕದಲ್ಲೇ ಕಳೆದ ತಿಂಗಳು ಸಂಜೆಯ ಹೊತ್ತು ಗಂಟೆಗೆ ಸರಾಸರಿ ಎಷ್ಟು ನಿಮಿಷ ಜಾಹೀರಾತು ಹಾಕಿದರು ಅಂತಲೂ ತೋರಿಸಲಿ. ನೋಡಿ ಕೊಳ್ಳುವವರು ಕೊಳ್ಳಲಿ, ಬೇಡದವರು ಬಿಡಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ದೂರು. 2021ರ ಜೂನ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ ಯಾವ ವೀಕ್ಷಕರು ಬೇಕಾದರೂ ಚಾನೆಲ್‌ಗೆ ಲಿಖಿತ ದೂರು ಕೊಡಬಹುದು. ಬಂದಿದೆ ಅಂತ 24 ಗಂಟೆಯೊಳಗೆ ಅವರು ತಿಳಿಸಬೇಕು. ಬರೆಯುವಾಗ ಸುಮ್ನೆ ಜಾಹೀರಾತು ಜಾಸ್ತಿ ಅಂತ ಬರೆಯಬೇಡಿ. ಚಾನೆಲ್ ಹೆಸರು, ತಾರೀಖು, ಯಾವ ಗಂಟೆ, ಪ್ರತಿ ಬ್ರೇಕ್ ಶುರುವಾದ ಮತ್ತು ಮುಗಿದ ಹೊತ್ತು, ಕೊನೆಗೆ ಒಟ್ಟು ನಿಮಿಷ ಬರೆಯಿರಿ. ಪ್ರೋಮೊಗಳನ್ನೂ ಎಣಿಸಿ, ಅವೂ 12ರೊಳಗೇ ಬರಬೇಕು. ಕೇಬಲ್ ನಿಯಮಗಳ 7ನೇ ನಿಯಮ, 11ನೇ ಉಪನಿಯಮ ಅಂತ ನಮೂದಿಸಿ. ಪರದೆಯ ಕೆಳಗೆ ಪಟ್ಟಿ ಜಾಹೀರಾತು ಓಡುತ್ತಿದ್ದರೆ ಅದೇ ನಿಯಮದ 10ನೇ ಉಪನಿಯಮ.